ಕ್ಷೌರಕತ್ತಿಯ ಸಾಣೆಕಲ್ಲು: ಸಂಖ್ಯೆಯೊಂದೇ ಸಾಲದು

ಹಾರ್ಡ್‌ವೇರ್ ಅಂಗಡಿಗಳಲ್ಲಿ ಅತ್ಯಂತ ಕಡಿಮೆ ಮಾತುಕತೆಯಲ್ಲಿ ಮಾರಾಟವಾಗುವ ಸರಕುಗಳ ಪೈಕಿ ಸಾಣೆಕಲ್ಲೂ ಒಂದು. ಗಿರಾಕಿ ಕಲ್ಲು ಕೇಳುತ್ತಾನೆ. ಒಂದು ಮಗ್ಗುಲು ಒರಟಾಗಿಯೂ ಇನ್ನೊಂದು ಮಗ್ಗುಲು ತುಸು ನಯವಾಗಿಯೂ ಇರುವ ಬೂದುಬಣ್ಣದ ಕಲ್ಲನ್ನು ಅಂಗಡಿಯವರು ಮೇಜಿನ ಮೇಲೆ ಇಡುತ್ತಾರೆ. ಹಣ ಕೈಬದಲಾಗುತ್ತದೆ. ಯಾವ ಕತ್ತಿಗೆ, ಯಾವ ಕೆಲಸಕ್ಕೆ, ಯಾರ ಕೈಗೆ ಎಂಬ ಪ್ರಶ್ನೆಗಳನ್ನು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಕೇಳುವುದಿಲ್ಲ. ತೋಟದ ಕತ್ತಿಗೆ ಕೊಳ್ಳುವವರ ಮಟ್ಟಿಗೆ ಈ ಮೌನದಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಅಜ್ಜನ ಕಾಲದ ಕ್ಷೌರಕತ್ತಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಮತ್ತೆ ಬಳಸಬಯಸುವ ಗಿರಾಕಿಗೆ ಅದೇ ಕಲ್ಲನ್ನು ಕೊಟ್ಟು ಕಳುಹಿಸಿದರೆ, ಒಂದು ಸಂಜೆಯಲ್ಲಿ ಆ ಕತ್ತಿ ಹಾಳಾಗುತ್ತದೆ. ಸವೆದುಹೋದ ಉಕ್ಕು ಮರಳಿ ಬರುವುದಿಲ್ಲ. ಗಿರಾಕಿಯೂ ಆ ಅಂಗಡಿಗೆ ಮರಳಿ ಬರುವುದು ಸಂಶಯ.

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಹಾದಿಯಲ್ಲಿರುವ ಮೂರ್ನಾಡು ದೊಡ್ಡ ಪೇಟೆಯಲ್ಲ. ಸುತ್ತಲಿನ ಕಾಫಿ ತೋಟಗಳು, ಕರಿಮೆಣಸಿನ ಬಳ್ಳಿಗಳು ಮತ್ತು ಗದ್ದೆಗಳ ಅಗತ್ಯಗಳನ್ನು ಪೂರೈಸುವುದೇ ಅಲ್ಲಿನ ವ್ಯಾಪಾರದ ತಿರುಳು. ಇಂಥ ಪೇಟೆಯಲ್ಲಿ ಕ್ಷೌರಕತ್ತಿಯ ಸಾಣೆಕಲ್ಲಿನ ವಿಚಾರವನ್ನು ಎತ್ತುವುದು ವಿಲಾಸದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಧಾರೆಯ ವಿಷಯದಲ್ಲಿ ಕ್ಷೌರಕತ್ತಿಗಿಂತ ಕಠಿಣವಾದ ಪರೀಕ್ಷೆ ಮತ್ತೊಂದಿಲ್ಲ. ಕ್ಷೌರಕತ್ತಿಗೆ ಯಾವ ಕಲ್ಲು ತಕ್ಕದ್ದೆಂದು ಸರಿಯಾಗಿ ಹೇಳಬಲ್ಲ ವರ್ತಕರು ಬಡಗಿಯ ಉಳಿಗೆ, ದರ್ಜಿಯ ಕತ್ತರಿಗೆ, ಅಡುಗೆಮನೆಯ ಚೂರಿಗೆ, ತೋಟದ ಕಪಾತು ಕತ್ತರಿಗೆ ತಕ್ಕ ಕಲ್ಲನ್ನೂ ಹೇಳಬಲ್ಲರು. ಆದ್ದರಿಂದ ಈ ಸಣ್ಣ ಸರಕಿನ ಪ್ರಶ್ನೆ ವಾಸ್ತವದಲ್ಲಿ ವರ್ತಕರ ತಿಳಿವಳಿಕೆಯ ಮತ್ತು ವಿಶ್ವಾಸಾರ್ಹತೆಯ ಪ್ರಶ್ನೆಯಾಗಿದೆ.

ಕೆಲಸಕ್ಕೆ ತಕ್ಕ ಧಾರೆ

ಎಲ್ಲ ಆಯುಧಗಳಿಗೂ ಒಂದೇ ಬಗೆಯ ಧಾರೆ ಸಲ್ಲದೆಂಬ ಅರಿವು ಈ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯವು ಶಸ್ತ್ರಚಿಕಿತ್ಸೆಯ ಉಪಕರಣಗಳ ಧಾರೆಯನ್ನು ಕೆಲಸಕ್ಕೆ ಅನುಗುಣವಾಗಿ ವಿಂಗಡಿಸುತ್ತದೆ. ಸೀಳುವ ಶಸ್ತ್ರಕ್ಕೆ ಮಸೂರ ಬೇಳೆಯಷ್ಟು, ಕೆರೆಯುವ ಶಸ್ತ್ರಕ್ಕೆ ಅದರ ಅರ್ಧದಷ್ಟು, ಚುಚ್ಚುವ ಶಸ್ತ್ರಕ್ಕೆ ಕೂದಲಿನಷ್ಟು, ಕತ್ತರಿಸುವ ಶಸ್ತ್ರಕ್ಕೆ ಕೂದಲಿನ ಅರ್ಧದಷ್ಟು ಧಾರೆ ಇರಬೇಕೆಂಬುದು ಅದರ ವಿಧಾನ. ಹರಿತಗೊಳಿಸಲು ಉದ್ದಿನ ಬಣ್ಣದ ನಯವಾದ ಕಲ್ಲನ್ನೂ, ಪಡೆದ ಧಾರೆಯನ್ನು ನಿಲ್ಲಿಸಲು ಬೂರುಗದ ಮರದ ಹಲಗೆಯನ್ನೂ ಅದೇ ಅಧ್ಯಾಯ ಸೂಚಿಸುತ್ತದೆ. ರೋಮವನ್ನು ಕತ್ತರಿಸಬಲ್ಲ ಶಸ್ತ್ರವೇ ಸರಿಯಾಗಿ ಹರಿತಗೊಂಡ ಶಸ್ತ್ರವೆಂಬ ಪರೀಕ್ಷೆಯನ್ನೂ ಹೇಳುತ್ತದೆ. ಮಸೆಯಲು ಒಂದು ವಸ್ತು, ಧಾರೆ ನಿಲ್ಲಿಸಲು ಮತ್ತೊಂದು ವಸ್ತು, ಕೊನೆಗೆ ಕೂದಲಿನ ಪರೀಕ್ಷೆ ಎಂಬ ಈ ಮೂರು ಹಂತಗಳು ಇಂದಿನ ಕ್ಷೌರಕತ್ತಿಯ ವಿಷಯದಲ್ಲಿಯೂ ಬದಲಾಗಿಲ್ಲ. ಬೂರುಗದ ಹಲಗೆಯ ಜಾಗಕ್ಕೆ ಚರ್ಮದ ಪಟ್ಟಿ ಬಂದಿದೆ, ಅಷ್ಟೆ.

ಕೊಡಗಿನ ಮನೆಗಳಲ್ಲಿ ಈ ವಿವೇಕವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಭಾರವಾದ ಬಾಗಿದ ಒಡಿಕತ್ತಿ ಒಂದು ಬಗೆ, ಸೊಂಟದ ಪೀಚೆಕತ್ತಿ ಇನ್ನೊಂದು ಬಗೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಬಂದಾಗ ಆಯುಧಗಳನ್ನು ಶುಚಿಗೊಳಿಸಿ ಪೂಜಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಕಾಡು ಕಡಿಯುವ ಕತ್ತಿಯ ಧಾರೆ ಕೊಂಬೆಯ ಪೆಟ್ಟನ್ನು ತಾಳಬೇಕು. ಅದಕ್ಕೆ ಎರಡೂ ಮಗ್ಗುಲು ಸೇರಿ ಸುಮಾರು 40 ಡಿಗ್ರಿಯ ದಪ್ಪ ಕೋನ ಬೇಕು. ಒರಟು ಕಲ್ಲಿನ ಗೀರುಗಳು ಆ ಧಾರೆಯಲ್ಲಿ ಉಳಿದರೂ ಬಾಧಕವಿಲ್ಲ. ಸಣ್ಣ ಗರಗಸದಂತೆ ಅವು ಹಸಿ ತೊಗಟೆಯನ್ನು ಹಿಡಿದು ಕೊಯ್ಯುತ್ತವೆ ಕೂಡ.

ಕ್ಷೌರಕತ್ತಿಯ ಪ್ರಕೃತಿಯೇ ಬೇರೆ. ಅದರ ಅಲಗನ್ನು ಎರಡೂ ಮಗ್ಗುಲಲ್ಲಿ ಒಳಬಾಗುವಂತೆ ತೆಳುವಾಗಿ ಸವೆಸಿರುತ್ತಾರೆ. ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಇರುವ ಪ್ರಮಾಣವೇ ಧಾರೆಯ ಕೋನವನ್ನು ನಿರ್ಣಯಿಸುತ್ತದೆ. ಅದು ಸಾಮಾನ್ಯವಾಗಿ 15ರಿಂದ 20 ಡಿಗ್ರಿಯೊಳಗೆ ಇರುತ್ತದೆ. ಆದ್ದರಿಂದಲೇ ಕ್ಷೌರಕತ್ತಿಯನ್ನು ಮಸೆಯುವಾಗ ಬೆನ್ನನ್ನೂ ಬಾಯನ್ನೂ ಒಟ್ಟಿಗೆ ಕಲ್ಲಿನ ಮೇಲೆ ಚಪ್ಪಟೆಯಾಗಿ ಇರಿಸಬೇಕು. ತೋಟದ ಕತ್ತಿಯಂತೆ ಬೆನ್ನನ್ನು ಎತ್ತಿ ಹಿಡಿದು ಉಜ್ಜಿದರೆ ತಯಾರಕನು ಲೆಕ್ಕ ಹಾಕಿ ಕೊಟ್ಟ ಕೋನವೇ ಕೆಡುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಬೇಕು; ಚರ್ಮದ ಮೇಲೆ ಬೆನ್ನು ಮುಂದಾಗಿ ಸಾಗಬೇಕು. ಕೈಯ ಒತ್ತಡ ಬೇಡ; ಕೊನೆಯ ಹಂತಗಳಲ್ಲಿ ಕತ್ತಿಯ ಸ್ವಂತ ಭಾರವೇ ಸಾಕು. ಸಿದ್ಧವಾದ ಧಾರೆಯ ಅಂಚು ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾಗಿರುತ್ತದೆ. ಇಂಥ ಅಂಚಿನ ಮೇಲೆ ಒರಟು ಕಲ್ಲು ಎಳೆದ ಒಂದೊಂದು ಗೀರೂ ಚರ್ಮಕ್ಕೆ ಒಂದೊಂದು ಉರಿಯಾಗುತ್ತದೆ.

ಒಂದೇ ಸಂಖ್ಯೆ, ಮೂರು ಅರ್ಥ

ಸಾಣೆಕಲ್ಲಿನ ವ್ಯಾಪಾರದಲ್ಲಿರುವ ದೊಡ್ಡ ಗೊಂದಲ ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಕಲ್ಲಿನ ನಯವನ್ನು ಗ್ರಿಟ್ ಎಂಬ ಸಂಖ್ಯೆಯಲ್ಲಿ ಹೇಳುವುದು ರೂಢಿ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯವೆಂದು ಎಲ್ಲರೂ ಬಲ್ಲರು. ಆದರೆ ಆ ಸಂಖ್ಯೆ ಯಾವ ಮಾನದಂಡಕ್ಕೆ ಸೇರಿದ್ದೆಂದು ಕೇಳುವವರು ವಿರಳ.

ಜಪಾನಿನ ಕೈಗಾರಿಕಾ ಮಾನದಂಡದ ಪ್ರಕಾರ 1000 ಸಂಖ್ಯೆಯ ಕಲ್ಲಿನ ಕಣದ ಗಾತ್ರ ಸುಮಾರು 11.5 ಮೈಕ್ರಾನ್. ಯೂರೋಪಿನ ಅಪಘರ್ಷಕ ತಯಾರಕರ ಒಕ್ಕೂಟವಾದ ಫೆಪಾ ಎರಡು ಸರಣಿಗಳನ್ನು ಇಟ್ಟುಕೊಂಡಿದೆ. ಕಲ್ಲು ಮತ್ತು ಚಕ್ರಗಳಿಗೆ ಅನ್ವಯಿಸುವ ‘ಎಫ್’ ಸರಣಿಯಲ್ಲಿ 1000 ಎಂದರೆ ಸುಮಾರು 4.5 ಮೈಕ್ರಾನ್. ಮರಳುಕಾಗದ ಮತ್ತು ವಾಟರ್ ಪೇಪರಿಗೆ ಅನ್ವಯಿಸುವ ‘ಪಿ’ ಸರಣಿಯಲ್ಲಿ ಅದೇ 1000 ಎಂದರೆ ಸುಮಾರು 18.3 ಮೈಕ್ರಾನ್. ಅಂದರೆ ಒಂದೇ ಸಂಖ್ಯೆಯನ್ನು ಹೊತ್ತ ಎರಡು ಸರಕುಗಳ ಕಣಗಳಲ್ಲಿ ನಾಲ್ಕು ಪಟ್ಟು ವ್ಯತ್ಯಾಸ ಇರಬಹುದು. ‘1000ದ ಕಲ್ಲು ಕೊಡಿ’ ಎಂದು ಕೇಳಿದ ಗಿರಾಕಿಗೆ ಈ ಮೂರರಲ್ಲಿ ಯಾವುದನ್ನು ಕೊಟ್ಟರೂ ಮಾತಿನ ಮಟ್ಟಿಗೆ ಸುಳ್ಳಾಗುವುದಿಲ್ಲ. ಕೆಲಸದ ಮಟ್ಟಿಗೆ ಎರಡು ತಪ್ಪಾಗುತ್ತವೆ.

ತೂಕದ ವ್ಯಾಪಾರದಲ್ಲಿ ಇಂಥ ಸ್ಥಿತಿಯನ್ನು ಯಾರೂ ಸಹಿಸುವುದಿಲ್ಲ. ಸೇರು, ಪೌಂಡು, ಕಿಲೋಗ್ರಾಂ ಮೂರನ್ನೂ ‘ಒಂದು’ ಎಂದಷ್ಟೇ ಬರೆದು ಮಾರಿದರೆ ಮಾರುಕಟ್ಟೆಯೇ ನಿಲ್ಲುತ್ತದೆ. ಸಾಣೆಕಲ್ಲಿನಲ್ಲಿ ಮಾತ್ರ ಅದು ನಡೆದುಹೋಗುತ್ತಿದೆ. ಸಂಖ್ಯೆಯ ಜೊತೆಗೆ ಮಾನದಂಡದ ಹೆಸರೂ ಇಲ್ಲದ, ತಯಾರಕರ ಗುರುತೂ ಸ್ಪಷ್ಟವಿಲ್ಲದ ಕಲ್ಲುಗಳು 6000, 8000, 10000 ಎಂಬ ಆಕರ್ಷಕ ಅಂಕಿಗಳನ್ನು ಹೊತ್ತು ಮಾರುಕಟ್ಟೆಗೆ ಬರುತ್ತಿವೆ. ಜಪಾನಿನ ಮಾನದಲ್ಲಿ 8000 ಎಂದರೆ ಸುಮಾರು 1.2 ಮೈಕ್ರಾನ್. ಇದನ್ನು ಕಣ್ಣಿನಿಂದ ನೋಡಿಯಾಗಲಿ, ಬೆರಳಿನಿಂದ ಮುಟ್ಟಿಯಾಗಲಿ ಯಾರೂ ದೃಢಪಡಿಸಲಾರರು. ನೋಡಿ ತಿಳಿಯಲಾಗದ ಸರಕಿನಲ್ಲಿ ಗಿರಾಕಿಗೆ ಉಳಿಯುವ ಆಧಾರ ಮಾರುವವರ ಮಾತು ಮತ್ತು ಸರಕಿನ ಮೇಲಿನ ಬರಹ. ಎರಡೂ ಟೊಳ್ಳಾದರೆ ವ್ಯಾಪಾರದ ಬುಡವೇ ಟೊಳ್ಳಾದಂತೆ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಮಾತ್ರ ಬಂದಿದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಅಡಿಯಲ್ಲಿ 2011ರಲ್ಲಿ ಜಾರಿಗೆ ಬಂದ ಪೊಟ್ಟಣ ಸರಕುಗಳ ನಿಯಮಗಳು ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಸರಕಿನ ಹೆಸರು, ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮೊದಲಾದವುಗಳ ನಮೂದನ್ನು ಕಡ್ಡಾಯಗೊಳಿಸಿವೆ. ಸಾಣೆಕಲ್ಲಿನ ಕಣದ ಗಾತ್ರ ಆ ಪಟ್ಟಿಯಲ್ಲಿ ಇಲ್ಲ. ಆದರೆ ನಮೂದಿಸಿದ್ದು ಸುಳ್ಳಾಗಿದ್ದರೆ ಮಾತು ಬೇರೆ. ಸರಕು ನಿರ್ದಿಷ್ಟ ಮಾನದಂಡದ್ದು, ಗುಣಮಟ್ಟದ್ದು ಅಥವಾ ದರ್ಜೆಯದ್ದು ಎಂದು ಸುಳ್ಳಾಗಿ ಬಿಂಬಿಸುವುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬರೆಯಲೇಬೇಕೆಂಬ ನಿರ್ಬಂಧವಿಲ್ಲದಿದ್ದರೂ ಬರೆದದ್ದಕ್ಕೆ ಹೊಣೆ ಇದ್ದೇ ಇದೆ ಎಂಬುದನ್ನು ತಯಾರಕರೂ ವರ್ತಕರೂ ಮರೆಯುವಂತಿಲ್ಲ.

ನೈಸರ್ಗಿಕವೋ, ಕೃತಕವೋ

ಕ್ಷೌರಕತ್ತಿಯ ಕಲ್ಲೆಂದರೆ ನೆಲದಿಂದ ತೆಗೆದ ನೈಸರ್ಗಿಕ ಕಲ್ಲೇ ಶ್ರೇಷ್ಠವೆಂಬ ನಂಬಿಕೆ ವ್ಯಾಪಕವಾಗಿದೆ. ಇದಕ್ಕೆ ಆಧಾರ ಇಲ್ಲದೆ ಇಲ್ಲ. ಬೆಲ್ಜಿಯಂನ ಆರ್ಡೆನ್ ಪ್ರದೇಶದ ಹಳದಿ ಕೋಟಿಕ್ಯೂಲ್ ಕಲ್ಲಿನಲ್ಲಿ ಅತಿ ಸಣ್ಣ ಗಾರ್ನೆಟ್ ಕಣಗಳಿವೆ. ಜರ್ಮನಿಯ ಥುರಿಂಗಿಯಾದ ಸ್ಲೇಟು ಕಲ್ಲು, ಅಮೆರಿಕದ ಅರ್ಕಾನ್ಸಾಸ್ ಕಲ್ಲು, ಜಪಾನಿನ ಕ್ಯೋಟೋ ಸುತ್ತಲಿನ ಗಣಿಗಳ ಕಲ್ಲು ಇವೆಲ್ಲವೂ ತಲೆಮಾರುಗಳಿಂದ ಕ್ಷೌರಿಕರ ಮೆಚ್ಚುಗೆ ಪಡೆದಿವೆ. ಆದರೆ ನೈಸರ್ಗಿಕ ಕಲ್ಲಿಗೆ ನಿಶ್ಚಿತವಾದ ಗ್ರಿಟ್ ಸಂಖ್ಯೆ ಇರುವುದಿಲ್ಲ. ಒಂದೇ ಗಣಿಯ ಒಂದೇ ಪದರದ ಎರಡು ತುಂಡುಗಳು ಬೇರೆ ಬೇರೆಯಾಗಿ ವರ್ತಿಸಬಹುದು. ಅದನ್ನು ಆರಿಸಲು ಪಳಗಿದ ಕೈ ಬೇಕು, ಕೊಳ್ಳಲು ದೊಡ್ಡ ಹಣ ಬೇಕು. ಹೊಸದಾಗಿ ಕಲಿಯುವ ಗಿರಾಕಿಗೂ, ಸಣ್ಣ ಪೇಟೆಯ ಅಂಗಡಿಗೂ ಅದು ತಕ್ಕ ಸರಕಲ್ಲ.

ಕೃತಕ ಕಲ್ಲಿನ ಕಥೆಗೆ ದಕ್ಷಿಣ ಭಾರತದ ನಂಟೂ ಇದೆ. ಕುರುಂದವೆಂಬ ಗಟ್ಟಿ ಖನಿಜ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ದೊರೆಯುತ್ತದೆ. ಇಂಗ್ಲಿಷಿನ ಕೊರಂಡಮ್ ಎಂಬ ಪದವೇ ತಮಿಳಿನ ಕುರುಂದಂ ಎಂಬುದರಿಂದ ಬಂದದ್ದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಹೊಸದೊಂದು ಹರಳನ್ನು ಪಡೆದಾಗ ಅದು ಇಂಗಾಲ ಮತ್ತು ಕೊರಂಡಮ್ ಸೇರಿದ್ದೆಂದು ಭಾವಿಸಿ ಕಾರ್ಬೊರಂಡಮ್ ಎಂದು ಹೆಸರಿಟ್ಟನು. ಅದು ವಾಸ್ತವದಲ್ಲಿ ಸಿಲಿಕಾನ್ ಕಾರ್ಬೈಡ್ ಎಂದು ಬಳಿಕ ತಿಳಿಯಿತು. ಹೆಸರು ಮಾತ್ರ ಉಳಿಯಿತು. ಇಂದಿಗೂ ಅಂಗಡಿಗಳಲ್ಲಿ ಗಿರಾಕಿಗಳು ಕೇಳುವುದು ಆ ಹೆಸರನ್ನೇ. ಭಾರತದಲ್ಲಿ ಗ್ರೈಂಡ್‌ವೆಲ್ ನಾರ್ಟನ್ ಸಂಸ್ಥೆಯ ಮೂಲ 1941ರಷ್ಟು ಹಿಂದಿನದು. ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆ 1954ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾಯಿತು. ಅಪಘರ್ಷಕಗಳ ವಿಷಯದಲ್ಲಿ ದೇಶಕ್ಕೆ ಕೌಶಲದ ಕೊರತೆ ಇಲ್ಲವೆಂಬುದಕ್ಕೆ ಇಷ್ಟು ಸಾಕು.

ಕೃತಕ ಕಲ್ಲಿನ ಮುಖ್ಯ ಗುಣ ಏಕರೂಪತೆ. ಕಣಗಳನ್ನು ಗಾತ್ರಕ್ಕನುಸಾರ ಬೇರ್ಪಡಿಸಿ ಬಂಧಕದೊಡನೆ ಸೇರಿಸಿರುವುದರಿಂದ ಇಂದು ಕೊಂಡ ಕಲ್ಲೂ ಐದು ವರ್ಷದ ನಂತರ ಕೊಂಡ ಅದೇ ದರ್ಜೆಯ ಕಲ್ಲೂ ಒಂದೇ ರೀತಿ ಕೆಲಸ ಮಾಡುತ್ತವೆ. ವರ್ತಕರು ಧೈರ್ಯವಾಗಿ ಭರವಸೆ ಕೊಡಬಹುದಾದದ್ದು ಇಂಥ ಸರಕಿಗೆ ಮಾತ್ರ. ಆದ್ದರಿಂದ ಮೂರ್ನಾಡಿನಂಥ ಪೇಟೆಯಲ್ಲಿ ಕೃತಕ ಕಲ್ಲನ್ನೇ ಆರಿಸುವುದು ವಿವೇಕದ ಮಾರ್ಗ.

ಮೂರು ದರ್ಜೆ ಸಾಕು

ಕ್ಷೌರಕತ್ತಿಗೆ ಹತ್ತಾರು ಕಲ್ಲುಗಳು ಬೇಕೆಂಬುದೂ ಒಂದು ಭ್ರಮೆ. ಜಪಾನಿನ ಮಾನದಲ್ಲಿ ಹೇಳುವುದಾದರೆ 1000, 4000 ಮತ್ತು 8000 ಎಂಬ ಮೂರು ದರ್ಜೆಗಳು ಸಾಕು. ಮೊದಲನೆಯದು ಮೊಂಡಾದ ಅಲಗಿನ ಎರಡೂ ಇಳಿಜಾರುಗಳನ್ನು ಒಂದು ಗೆರೆಯಲ್ಲಿ ಕೂಡಿಸುತ್ತದೆ. ಎರಡನೆಯದು, ಸುಮಾರು 3 ಮೈಕ್ರಾನಿನದು, ಮೊದಲನೆಯದು ಬಿಟ್ಟ ಗೀರುಗಳನ್ನು ಅಳಿಸುತ್ತದೆ. ಮೂರನೆಯದು ಅಂಚಿಗೆ ನಯ ಕೊಡುತ್ತದೆ. ಬಳಿಕ ಚರ್ಮದ ಪಟ್ಟಿ. ಇನ್ನೂ ಮೃದುವಾದ ಧಾರೆ ಬೇಕೆನ್ನುವವರು ಪಟ್ಟಿಗೆ ಸುಮಾರು ಅರ್ಧ ಮೈಕ್ರಾನಿನ ಹಸಿರು ಕ್ರೋಮಿಯಂ ಆಕ್ಸೈಡ್ ಲೇಪವನ್ನು ಬಳಸಬಹುದು. ಮೊದಲ ಹಂತ ಪೂರ್ಣವಾಗದೆ ಎರಡನೆಯದಕ್ಕೆ ಹೋದರೆ ಮುಂದಿನ ಶ್ರಮವೆಲ್ಲ ವ್ಯರ್ಥ. 1000ದ ಕಲ್ಲು ಮುಗಿದಾಗ ಅಲಗಿನ ಉದ್ದಕ್ಕೂ ಕೈಮೇಲಿನ ರೋಮ ಕತ್ತರಿಸಬೇಕು. ಕತ್ತರಿಸದಿದ್ದರೆ ಕೊರತೆ ಇರುವುದು ಮೊದಲ ಹಂತದ ಕೆಲಸದಲ್ಲಿ. ಇನ್ನೂ ದುಬಾರಿಯ ನಯವಾದ ಕಲ್ಲನ್ನು ಕೊಂಡು ತಂದರೆ ಅದು ಸರಿಹೋಗುವುದಿಲ್ಲ. ಇದನ್ನು ಒಂದು ಮಾತಿನಲ್ಲಿ ಹೇಳಿ ಕಳುಹಿಸುವ ವರ್ತಕರು ಗಿರಾಕಿಗೆ ಒಂದು ಅನಗತ್ಯ ಖರೀದಿಯನ್ನು ಉಳಿಸುತ್ತಾರೆ. ಹಾಗೆ ಉಳಿಸಿಕೊಟ್ಟವರನ್ನು ಗಿರಾಕಿ ಮರೆಯುವುದಿಲ್ಲ.

ಕಲ್ಲಿನ ಅಳತೆಯೂ ಮುಖ್ಯ. ಸಾಮಾನ್ಯವಾಗಿ ದೊರೆಯುವ ಕಲ್ಲಿನ ಅಗಲ 50 ಮಿಲಿಮೀಟರ್. ಕ್ಷೌರಕತ್ತಿಯ ಬಾಯಿ ಸುಮಾರು 75 ಮಿಲಿಮೀಟರ್. 75 ಮಿಲಿಮೀಟರ್ ಅಗಲದ ಕಲ್ಲಿನ ಮೇಲೆ ಅಲಗು ಪೂರ್ತಿಯಾಗಿ ಕೂರುತ್ತದೆ. ಅಗಲ ಕಡಿಮೆಯಾದರೆ ಕತ್ತಿಯನ್ನು ಓರೆಯಾಗಿ ಎಳೆಯುವ ಅಭ್ಯಾಸ ಬೇಕಾಗುತ್ತದೆ. ಹೊಸಬರಿಗೆ ಅಗಲದ ಕಲ್ಲೇ ಸುಲಭ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸಮತಟ್ಟು. ಬಳಸಿದಂತೆಲ್ಲ ಕಲ್ಲು ನಡುವೆ ಗುಳಿಬೀಳುತ್ತದೆ. ಗುಳಿಬಿದ್ದ ಕಲ್ಲಿನ ಮೇಲೆ ಕ್ಷೌರಕತ್ತಿಯ ಅಲಗು ಒಂದೇ ಸಮನಾಗಿ ತಾಗುವುದಿಲ್ಲ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ಗಾಜಿನ ಹಲಗೆಯ ಮೇಲೆ ಹಾಸಿದ 400ರ ವಾಟರ್ ಪೇಪರಿನ ಮೇಲೆ ನೀರು ಹಾಕಿ ಗೆರೆಗಳೆಲ್ಲ ಅಳಿಯುವವರೆಗೆ ಉಜ್ಜಿದರೆ ಕಲ್ಲು ಸಮವಾಗುತ್ತದೆ. ಕಲ್ಲಿನೊಡನೆ ಎರಡು ಹಾಳೆ ವಾಟರ್ ಪೇಪರ್ ಮಾರುವುದು ಅಂಗಡಿಗೂ ಲಾಭ, ಗಿರಾಕಿಗೂ ಹಿತ. ಅವಸರಕ್ಕೆ ವಿದ್ಯುತ್ ಚಕ್ರಕ್ಕೆ ಕ್ಷೌರಕತ್ತಿಯನ್ನು ಹಿಡಿಯುವವರನ್ನು ಮಾತ್ರ ತಡೆಯಬೇಕು. ತೆಳುವಾದ ಅಲಗು ಕ್ಷಣಾರ್ಧದಲ್ಲಿ ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾದ ಉಕ್ಕು ಹದ ಕಳೆದುಕೊಂಡ ಉಕ್ಕು. ಅದನ್ನು ಯಾವ ಕಲ್ಲೂ ಸರಿಪಡಿಸಲಾರದು.

ಕೊಡಗಿನ ಮಳೆಗಾಲದ ಲೆಕ್ಕವನ್ನೂ ಇಡಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ತೇವ ಇಂಗಾಲದ ಉಕ್ಕಿನ ಅಲಗನ್ನು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸಬಲ್ಲದು. ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಇಡುವುದು ಅನಿವಾರ್ಯ. ನೀರಿನ ಕಲ್ಲುಗಳನ್ನು ನೆರಳಿನ ಗಾಳಿಯಲ್ಲಿ ಆರಿಸಬೇಕು. ಒಲೆಯ ಪಕ್ಕದಲ್ಲಿಟ್ಟು ಬಿಸಿಮಾಡಿ ಒಣಗಿಸಿದರೆ ಬಿರುಕು ಬಿಡುವ ಭಯವಿದೆ. ಒಮ್ಮೆ ಎಣ್ಣೆ ಹಾಕಿದ ಕಲ್ಲನ್ನು ಮತ್ತೆ ನೀರಿಗೆ ಬಳಸಲಾಗದು. ಈ ಮೂರು ಸೂಚನೆಗಳು ಹೊರದೇಶದ ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಸ್ಥಳೀಯ ವರ್ತಕರ ಬಾಯಲ್ಲಿ ಇರಬೇಕು.

ಆರೋಗ್ಯದ ಎಲ್ಲೆ

ಕ್ಷೌರಕತ್ತಿಯ ಮಾತು ಬಂದಾಗ ಒಂದು ಎಲ್ಲೆಯನ್ನು ಸ್ಪಷ್ಟವಾಗಿ ಗುರುತಿಸಬೇಕು. ಹಿಂದೆ ಕ್ಷೌರಿಕರ ಹಡಪದಲ್ಲಿ ಕತ್ತಿ, ಕಲ್ಲು, ಚರ್ಮದ ಪಟ್ಟಿ ಮೂರೂ ಇರುತ್ತಿದ್ದವು. ಅಂಗೈ ಮೇಲೆ ಕತ್ತಿಯನ್ನು ತೀಡುತ್ತಿದ್ದ ದೃಶ್ಯ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಭಾರತದಲ್ಲಿ 1986ರಲ್ಲಿ ಎಚ್‌ಐವಿ ಸೋಂಕು ಮೊದಲಿಗೆ ಪತ್ತೆಯಾದ ಬಳಿಕದ ವರ್ಷಗಳಲ್ಲಿ ಒಂದೇ ಅಲಗನ್ನು ಹಲವರಿಗೆ ಬಳಸುವ ಅಪಾಯದ ಅರಿವು ಹರಡಿತು. ಹೆಪಟೈಟಿಸ್ ಬಿ ವೈರಾಣುವಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಕ್ಷೌರದಂಗಡಿಗಳು ಬಿಸಾಡುವ ಬ್ಲೇಡಿನ ಹಿಡಿಕೆಗೆ ಬದಲಾದದ್ದು ಸರ್ವಥಾ ಸರಿಯಾದ ಹೆಜ್ಜೆ. ಅದನ್ನು ಹಿಂದಕ್ಕೆ ತಿರುಗಿಸುವ ಯಾವ ಮಾತೂ ಸಮರ್ಥನೀಯವಲ್ಲ. ಸಾಣೆಕಲ್ಲು ಧಾರೆಯನ್ನು ಕೊಡಬಲ್ಲದೇ ಹೊರತು ಸೋಂಕನ್ನು ಕಳೆಯಲಾರದು.

ಹಾಗಾದರೆ ಕ್ಷೌರಕತ್ತಿಯ ಕಲ್ಲು ಯಾರಿಗೆ? ಸ್ವಂತ ಕತ್ತಿಯಿಂದ ಸ್ವಂತ ಮುಖದ ಕ್ಷೌರ ಮಾಡಿಕೊಳ್ಳುವವರಿಗೆ. ಬ್ಲೇಡಿನ ಮೇಲೆ ಪದೇ ಪದೇ ಹಣ ಹಾಕಲು ಇಷ್ಟವಿಲ್ಲದವರು, ಹಿರಿಯರ ಕತ್ತಿಯನ್ನು ಉಳಿಸಿಕೊಳ್ಳಬಯಸುವವರು, ಕೈಕೆಲಸದಲ್ಲಿ ಆಸಕ್ತಿಯುಳ್ಳ ಯುವಕರು ಈ ಗುಂಪಿನಲ್ಲಿ ಸೇರುತ್ತಾರೆ. ಜಗತ್ತಿನ ಅನೇಕ ಕಡೆ ಈ ಅಭ್ಯಾಸ ಮರಳಿ ಬಂದಿದೆ. ಕತ್ತಿ ಮಾರುವವರೂ ಕಲ್ಲು ಮಾರುವವರೂ ‘ಒಬ್ಬರ ಕತ್ತಿ ಒಬ್ಬರಿಗೆ ಮಾತ್ರ’ ಎಂಬ ಮಾತನ್ನು ಗಿರಾಕಿಗೆ ತಪ್ಪದೆ ಹೇಳಬೇಕು.

ವರ್ತಕರ ಆಕ್ಷೇಪ

ಇಷ್ಟೆಲ್ಲ ಕೇಳಿದ ವರ್ತಕರು ಒಂದು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ಮೂರ್ನಾಡಿನಲ್ಲಿ ವರ್ಷಕ್ಕೆ ಎಷ್ಟು ಮಂದಿ ಕ್ಷೌರಕತ್ತಿಯ ಕಲ್ಲು ಕೇಳಿಯಾರು? 8000ದ ಕಲ್ಲಿಗೆ ಹಾಕಿದ ಬಂಡವಾಳ ಧೂಳು ಹಿಡಿದು ಕುಳಿತರೆ ಅದರ ಬಡ್ಡಿಯನ್ನು ಯಾರು ಕೊಡುತ್ತಾರೆ? ಬೇಕಾದವರು ಮೊಬೈಲಿನಲ್ಲಿಯೇ ತರಿಸಿಕೊಳ್ಳುತ್ತಾರಲ್ಲವೇ? ಸಣ್ಣ ಅಂಗಡಿಯ ಬಂಡವಾಳದ ಇತಿಮಿತಿಯನ್ನು ಬಲ್ಲ ಯಾರೂ ಈ ಮಾತನ್ನು ತಳ್ಳಿಹಾಕಲಾರರು. ಕೇವಲ ಕ್ಷೌರಕತ್ತಿಯ ಗಿರಾಕಿಗಳನ್ನು ನಂಬಿ ಕಪಾಟು ತುಂಬಿಸುವುದು ಅವಿವೇಕವೇ ಸರಿ.

ಆದರೆ ಲೆಕ್ಕವನ್ನು ಬೇರೆ ರೀತಿಯಲ್ಲಿಯೂ ಹಾಕಬಹುದು. 1000ದ ಕಲ್ಲು ಕ್ಷೌರಕತ್ತಿಗೆ ಮೊದಲ ಹಂತವಾದರೆ ಅಡುಗೆಮನೆಯ ಚೂರಿಗೆ ಕೊನೆಯ ಹಂತ. ಬಡಗಿಯ ಉಳಿಗೂ ಅದು ಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ಕಪಾತಿನ ಕಾಲದಲ್ಲಿ ಸಾವಿರಾರು ಗಿಡಗಳ ರೆಂಬೆ ಕತ್ತರಿಸುವ ಕತ್ತರಿಗೂ, ಕಂಬಚಿಗುರು ತೆಗೆಯುವ ಕತ್ತಿಗೂ ಒರಟು ಕಲ್ಲಿನ ನಂತರ ಅದೇ ಕಲ್ಲು ಸಲ್ಲುತ್ತದೆ. ಮೊಂಡು ಕತ್ತರಿ ಕೊಂಬೆಯನ್ನು ಕತ್ತರಿಸದೆ ಜಜ್ಜುತ್ತದೆ. ಜಜ್ಜಿದ ಗಾಯ ಬೇಗ ಮಾಯುವುದಿಲ್ಲ. ಆದ್ದರಿಂದ 1000ದ ಕಲ್ಲು ಸತ್ತ ಸರಕಲ್ಲ. ಒಂದು ಮಗ್ಗುಲು 4000, ಇನ್ನೊಂದು ಮಗ್ಗುಲು 8000 ಇರುವ ಜೋಡಿ ಕಲ್ಲು ಅಂಗಡಿಗೊಂದು ಇದ್ದರೆ ಸಾಕು. ಅಥವಾ ಪೇಟೆಯ ಎಲ್ಲ ಅಂಗಡಿಗಳ ಪರವಾಗಿ ಒಂದೇ ಅಂಗಡಿಯಲ್ಲಿ ಇದ್ದು, ಉಳಿದವರು ಗಿರಾಕಿಯನ್ನು ಅಲ್ಲಿಗೆ ಕಳುಹಿಸಿದರೂ ಸಾಕು.

ಮೊಬೈಲಿನ ಪೈಪೋಟಿಗೆ ಬೆಲೆಯಿಂದ ಉತ್ತರ ಕೊಡಲು ಸಣ್ಣ ಅಂಗಡಿಗೆ ಸಾಧ್ಯವಿಲ್ಲ. ಕೊಡಬಹುದಾದ ಉತ್ತರ ಬೇರೆಯೇ ಇದೆ. ದೂರದ ಮಾರಾಟಗಾರರು ಗಿರಾಕಿಯ ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡಲಾರರು. ಅಲಗಿನಲ್ಲಿ ತುಣುಕು ಹಾರಿದೆಯೇ, ಬೆನ್ನು ಸವೆದಿದೆಯೇ, ಕತ್ತಿಗೆ ಕಲ್ಲು ಬೇಕೋ ಅಥವಾ ಚರ್ಮದ ಪಟ್ಟಿಯಷ್ಟೇ ಸಾಕೋ ಎಂದು ಹೇಳಲಾರರು. ಎಷ್ಟೋ ಸಲ ಮಂದವಾದಂತೆ ಕಾಣುವ ಕತ್ತಿಗೆ ಪಟ್ಟಿಯ ಮೇಲೆ ನಲವತ್ತು ಐವತ್ತು ಬಾರಿ ತೀಡುವುದಷ್ಟೇ ಬೇಕಾಗಿರುತ್ತದೆ. ಇದನ್ನು ಹೇಳಿ ಕಲ್ಲನ್ನು ಮಾರದೆ ಕಳುಹಿಸಿದ ವರ್ತಕರು ಅಂದಿನ ಮಾರಾಟವನ್ನು ಕಳೆದುಕೊಂಡರೂ ಗಿರಾಕಿಯ ಮನೆಯ ಮುಂದಿನ ಹತ್ತು ವರ್ಷಗಳ ವ್ಯಾಪಾರವನ್ನು ಗಳಿಸುತ್ತಾರೆ.

ಆಗಬೇಕಾದದ್ದು

ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳು ಪರಿಶೀಲನೆಗೆ ಅರ್ಹವಾಗಿವೆ. ಮೊದಲನೆಯದಾಗಿ, ಸಣ್ಣ ತಯಾರಕರು ತಮ್ಮ ಕಲ್ಲಿನ ಮೇಲೆ ಗ್ರಿಟ್ ಸಂಖ್ಯೆ, ಅದು ಯಾವ ಮಾನದ್ದು ಎಂಬುದು, ಸಾಧ್ಯವಾದರೆ ಮೈಕ್ರಾನಿನಲ್ಲಿ ಕಣದ ಗಾತ್ರ ಇಷ್ಟನ್ನು ಅಳಿಸಿಹೋಗದಂತೆ ಮುದ್ರಿಸಬೇಕು. ಪೆಟ್ಟಿಗೆಯ ಮೇಲೆ ಮಾತ್ರ ಬರೆದರೆ ಸಾಲದು. ಪೆಟ್ಟಿಗೆ ಒಂದು ವಾರದಲ್ಲಿ ಒಲೆ ಸೇರುತ್ತದೆ, ಕಲ್ಲು ಇಪ್ಪತ್ತು ವರ್ಷ ಉಳಿಯುತ್ತದೆ. ಮೈಕ್ರಾನ್ ಸಂಖ್ಯೆಗೆ ದೇಶದ ಭೇದವಿಲ್ಲ. ಅದನ್ನು ಕೊಟ್ಟ ತಯಾರಕರ ಮಾತನ್ನು ಪರೀಕ್ಷಿಸಬಹುದು. ಪರೀಕ್ಷಿಸಬಹುದಾದ ಮಾತಿಗೆ ಬೆಲೆ ಬರುತ್ತದೆ.

ಎರಡನೆಯದಾಗಿ, ವರ್ತಕರು ಸಗಟು ಖರೀದಿಯ ವೇಳೆಯಲ್ಲಿಯೇ ಈ ವಿವರವನ್ನು ಕೇಳಿ ಪಡೆಯಬೇಕು. ಕೈಯಿಂದ ಮಸೆಯುವ ಕಲ್ಲುಗಳು ಸುಂಕದ ವರ್ಗೀಕರಣದಲ್ಲಿ 6804ನೆಯ ಶೀರ್ಷಿಕೆಗೂ, ಕ್ಷೌರಕತ್ತಿ ಮತ್ತು ಬ್ಲೇಡುಗಳು 8212ನೆಯ ಶೀರ್ಷಿಕೆಗೂ ಬರುತ್ತವೆ. ಬಿಲ್ಲಿನಲ್ಲಿ ಶೀರ್ಷಿಕೆ ಸಂಖ್ಯೆ ಬರೆಯುವ ಸಾಲಿನಲ್ಲಿಯೇ ಕಲ್ಲಿನ ದರ್ಜೆಯನ್ನೂ ಬರೆಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ನಾಳೆ ಗಿರಾಕಿಯಿಂದ ದೂರು ಬಂದರೆ ವರ್ತಕರ ಕೈಯಲ್ಲಿ ಉಳಿಯುವ ಆಧಾರ ಆ ಬಿಲ್ಲು ಮಾತ್ರ.

ಮೂರನೆಯದಾಗಿ, ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಫಲಕ ಇರಬೇಕು. ತೋಟದ ಕತ್ತಿಗೆ ಯಾವ ಕಲ್ಲು, ಅಡುಗೆಮನೆಗೆ ಯಾವುದು, ಉಳಿಗೆ ಯಾವುದು, ಕ್ಷೌರಕತ್ತಿಗೆ ಯಾವುದು, ಯಾವ ಕಲ್ಲಿಗೆ ನೀರು, ಯಾವುದಕ್ಕೆ ಎಣ್ಣೆ ಎಂಬಷ್ಟನ್ನು ಹತ್ತು ಸಾಲಿನಲ್ಲಿ ಬರೆಯಬಹುದು. ಇಂಥ ಫಲಕದ ಮಾದರಿಯನ್ನು ವಾಣಿಜ್ಯ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಖರ್ಚು ಅತ್ಯಲ್ಪ.

ನಾಲ್ಕನೆಯದಾಗಿ, ಸಾಣೆ ಹಿಡಿದುಕೊಡುವ ಸೇವೆಯನ್ನು ಮತ್ತೆ ಆರಂಭಿಸುವ ಸಾಧ್ಯತೆಯನ್ನು ಯೋಚಿಸಬೇಕು. ಚಕ್ರ ಹೊತ್ತು ಊರೂರು ಸುತ್ತುತ್ತಿದ್ದ ಸಾಣೆಯವರು ವಿರಳವಾಗುತ್ತಿದ್ದಾರೆ. ಕತ್ತಿಗೆ ಧಾರೆ ಹಾಕುವ ಕೈಚಳಕ ಸವಿತಾ ಸಮಾಜದ ಹಿರಿಯರಲ್ಲಿ ಇನ್ನೂ ಉಳಿದಿದೆ. ಬ್ಲೇಡಿನ ಕಾಲದಲ್ಲಿ ಆ ಕೌಶಲಕ್ಕೆ ಕೆಲಸವಿಲ್ಲವಾಗಿದೆ. ಒಂದು ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ವಾರಕ್ಕೊಂದು ದಿನ ಕತ್ತರಿ, ಚೂರಿ, ಉಳಿ, ಕ್ಷೌರಕತ್ತಿಗಳಿಗೆ ಕೂಲಿಗೆ ಧಾರೆ ಹಾಕಿಕೊಡುವ ಏರ್ಪಾಡಾದರೆ ಅಂಗಡಿಗೆ ಜನ ಬರುತ್ತಾರೆ, ಬಲ್ಲವರ ಕೈಗೆ ಸಂಪಾದನೆ ಬರುತ್ತದೆ, ನೋಡಿ ಕಲಿಯುವವರಿಗೆ ವಿದ್ಯೆ ಸಿಗುತ್ತದೆ. ಈ ಕೆಲಸಕ್ಕೆ ಯಾವ ಜಾತಿಯ ಗೆರೆಯೂ ಬೇಕಿಲ್ಲ, ಕಲಿಯಬಲ್ಲವರೆಲ್ಲ ಮಾಡಬಹುದು. ಆದರೆ ಕಲಿಸುವ ಗೌರವ ಮತ್ತು ಕಲಿಸಿದ್ದಕ್ಕೆ ಸಂಭಾವನೆ ಬಲ್ಲವರಿಗೆ ಮೊದಲು ಸಲ್ಲಬೇಕು. ಆ ಹಿರಿಯರು ಇರುವಾಗಲೇ ಈ ಕೆಲಸ ಆಗದಿದ್ದರೆ ನಂತರ ಕಲ್ಲು ಸಿಕ್ಕೀತು, ಕೈ ಸಿಗಲಾರದು.

ಸಾಣೆಕಲ್ಲು ಸಣ್ಣ ಸರಕು. ವರ್ಷದ ಲೆಕ್ಕಪತ್ರದಲ್ಲಿ ಅದರ ಪಾಲು ಕಣ್ಣಿಗೆ ಕಾಣದಷ್ಟು ಕಡಿಮೆ ಇರಬಹುದು. ಆದರೆ ಗಿರಾಕಿ ಅಂಗಡಿಯನ್ನು ಅಳೆಯುವುದು ದೊಡ್ಡ ಸರಕಿನಿಂದಲೇ ಎಂದು ಹೇಳಲಾಗದು. ಸಿಮೆಂಟು, ಕಬ್ಬಿಣ, ಗೊಬ್ಬರಗಳ ಬೆಲೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಒಂದು ಕಲ್ಲನ್ನು ಕೊಡುವ ಮೊದಲು ‘ಯಾವ ಕತ್ತಿಗೆ?’ ಎಂದು ಕೇಳುವ ಅಂಗಡಿ ಮಾತ್ರ ಎಲ್ಲ ಕಡೆಯೂ ಇರುವುದಿಲ್ಲ. ಆ ಪ್ರಶ್ನೆಯನ್ನು ಕೇಳಲು ಬಂಡವಾಳ ಬೇಕಿಲ್ಲ. ಉತ್ತರವನ್ನು ಅರಿತಿರಬೇಕು, ಅಷ್ಟೆ. ಮೂರ್ನಾಡಿನ ವರ್ತಕರು ಮುಂದಿನ ಕಪಾತಿನ ಕಾಲಕ್ಕೆ ಸರಕು ತರಿಸುವಾಗ ಸಾಣೆಕಲ್ಲಿನ ದರ್ಜೆಯನ್ನೂ ಮಾನವನ್ನೂ ಕೇಳಿ ತರಿಸಲಿ. ಅಲ್ಲಿಂದ ಆರಂಭವಾದರೆ ಉಳಿದದ್ದು ತಾನಾಗಿ ಬರುತ್ತದೆ.